ಹೊಟ್ಟೆಯೊಳಗಿನ ನೋವು ಮತ್ತು ಉರಿಯೂತ ಶಮನದ ನೋವು ನಿವಾರಕಗಳು: ಪ್ರಾಣಿ ಪ್ರಯೋಗಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲು ಪದಗಳ ವಿಷಯ. ಇಲ್ಲಿ ಸುಂಡಿಲಿ ಎಂದರೆ ಲ್ಯಾಬಿನವರು ಮೌಸ್ ಎನ್ನುವ, 20ರಿಂದ 30 ಗ್ರಾಂ ತೂಗುವ ಪ್ರಾಣಿ. ಇಲಿ ಎಂದರೆ ಅದಕ್ಕಿಂತ ಸುಮಾರು ಹತ್ತು ಪಟ್ಟು ತೂಗುವ ರ‍್ಯಾಟ್. ಉರಿಯೂತ ಶಮನದ ಔಷಧಿ ಎಂದರೆ ಸ್ಟೀರಾಯ್ಡ್ ಅಲ್ಲದ ಗುಂಪು: ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫಿನಾಕ್, ಇಂಡೊಮೆಥಾಸಿನ್, ಕೀಟೊಪ್ರೊಫೆನ್, ಕೀಟೊರೊಲಾಕ್ ಮುಂತಾದವು.

ಒಳಾಂಗದ ನೋವಿಗೂ ಚರ್ಮದ ನೋವಿಗೂ ಏನು ವ್ಯತ್ಯಾಸ?

ಚರ್ಮಕ್ಕೆ ಸೂಜಿ ಚುಚ್ಚಿದರೆ ಜಾಗವನ್ನು ಬೆರಳಿಟ್ಟು ತೋರಿಸಬಹುದು. ಹೊಟ್ಟೆನೋವಾದರೆ ಅಂಗೈಯಿಂದ ಸವರಿ "ಇಲ್ಲೆಲ್ಲೋ" ಎನ್ನುತ್ತೇವೆ. ಒಳಾಂಗಗಳಿಂದ ಬೆನ್ನುಹುರಿಗೆ ಹೋಗುವ ನರತಂತುಗಳ ಸಂಖ್ಯೆ ಕಡಿಮೆ, ಆದರೆ ಒಂದೊಂದು ತಂತುವೂ ಬೆನ್ನುಹುರಿಯ ಹಲವು ಮಟ್ಟಗಳಿಗೆ ಕವಲೊಡೆಯುತ್ತದೆ. ಅದೇ ನರಕೋಶಗಳಿಗೆ ಚರ್ಮದ, ಸ್ನಾಯುಗಳ ತಂತುಗಳೂ ಬಂದು ಸೇರುತ್ತವೆ. ಮೂತ್ರನಾಳದ ಕಲ್ಲಿನ ನೋವು ಸೊಂಟದಲ್ಲೂ ತೊಡೆಸಂದಿನಲ್ಲೂ ಕಾಣಿಸಿಕೊಳ್ಳುವುದು ಇದರಿಂದಲೇ.

ಆರೋಗ್ಯವಾಗಿರುವ ಕರುಳನ್ನು ಕೊಯ್ದರೂ ಅಷ್ಟಾಗಿ ನೋವಾಗುವುದಿಲ್ಲ. ಅದು ಹಿಗ್ಗಿದಾಗ, ರಕ್ತ ಪೂರೈಕೆ ನಿಂತಾಗ, ಉರಿಯೂತವಾದಾಗ ನೋವಾಗುತ್ತದೆ. ಸಾಮಾನ್ಯ ಸ್ಥಿತಿಯಲ್ಲಿ ಯಾವ ಒತ್ತಡಕ್ಕೂ ಸ್ಪಂದಿಸದೆ, ಉರಿಯೂತ ಬಂದ ಮೇಲೆ ಮಾತ್ರ ಎಚ್ಚರಗೊಳ್ಳುವ ತಂತುಗಳೂ ಅಲ್ಲಿವೆ. ನಮ್ಮ ಔಷಧಿಗಳಿಗೆ ಹೆಚ್ಚಿನ ಕೆಲಸವಿರುವುದು ಈ ಎಚ್ಚರಗೊಳಿಸುವ ಹಂತದಲ್ಲಿ.

ಈ ಔಷಧಿಗಳು ನಿಜವಾಗಿ ಏನನ್ನು ತಡೆಯುತ್ತವೆ?

ಜೀವಕೋಶದ ಪೊರೆಯಿಂದ ಬಿಡುಗಡೆಯಾಗುವ ಅರಾಕಿಡೋನಿಕ್ ಆಮ್ಲವನ್ನು ಸೈಕ್ಲೋಆಕ್ಸಿಜನೇಸ್ ಎಂಬ ಕಿಣ್ವ, ಎಲ್ಲರೂ ಕರೆಯುವಂತೆ ಕಾಕ್ಸ್, ಉರಿಯೂತದ ಸಂದೇಶವಾಹಕಗಳಾದ ಪ್ರೋಸ್ಟಾಗ್ಲಾಂಡಿನ್‌ಗಳ ಕಡೆಗೆ ತಿರುಗಿಸುತ್ತದೆ. ಆಸ್ಪಿರಿನ್ ಜಾತಿಯ ಔಷಧಿಗಳು ಈ ಹೆಜ್ಜೆಯನ್ನೇ ತಡೆಯುತ್ತವೆ ಎಂದು ಜಾನ್ ವೇನ್ 1971ರಲ್ಲಿ ತೋರಿಸಿದರು. ಬರ್ಗ್‌ಸ್ಟ್ರೋಮ್ ಮತ್ತು ಸ್ಯಾಮ್ಯುಯೆಲ್‌ಸನ್ ಜೊತೆ ಅವರಿಗೆ 1982ರ ನೊಬೆಲ್ ಬಂತು.

ಹೊಟ್ಟೆನೋವಿನ ವಿಷಯದಲ್ಲಿ ಮುಖ್ಯವಾದವು ಎರಡು: ಪಿಜಿಇ2 (ಪ್ರೋಸ್ಟಾಗ್ಲಾಂಡಿನ್ ಇ2) ಮತ್ತು ಪ್ರೋಸ್ಟಾಸೈಕ್ಲಿನ್. ಇವು ನರತುದಿಯ ಗ್ರಾಹಕಗಳಿಗೆ ಅಂಟಿಕೊಂಡು ಒಳಗೆ ಸೈಕ್ಲಿಕ್ ಎಎಂಪಿ ಎಂಬ ಸಂದೇಶ ಅಣುವನ್ನು ಏರಿಸುತ್ತವೆ. ಅದರಿಂದ ಸೋಡಿಯಂ ವಾಹಿನಿಗಳು ಕಡಿಮೆ ಪ್ರಚೋದನೆಗೇ ತೆರೆದುಕೊಳ್ಳುತ್ತವೆ, ಮೆಣಸಿನಕಾಯಿಯ ಖಾರಕ್ಕೆ ಸ್ಪಂದಿಸುವ ಕ್ಯಾಪ್ಸೈಸಿನ್ ಗ್ರಾಹಕವೂ ಚುರುಕಾಗುತ್ತದೆ. ಒಂದು ಮಾತನ್ನು ಒತ್ತಿ ಹೇಳಬೇಕು. ಪ್ರೋಸ್ಟಾಗ್ಲಾಂಡಿನ್ ಬಹುಮಟ್ಟಿಗೆ ತಾನೇ ನೋವು ಕೊಡುವುದಿಲ್ಲ, ಬ್ರಾಡಿಕೈನಿನ್, ಆಮ್ಲ, ಹಿಗ್ಗುವಿಕೆ ಕೊಡುವ ನೋವನ್ನು ದೊಡ್ಡದು ಮಾಡುತ್ತದೆ. ಆದ್ದರಿಂದ ಕಾಕ್ಸ್ ತಡೆದರೆ ಹೆಚ್ಚಿದ ಸಂವೇದನೆ ಮೊದಲಿನ ಮಟ್ಟಕ್ಕೆ ಇಳಿಯುತ್ತದೆ. ಮಾರ್ಫಿನ್‌ನಂತೆ ಆ ಮಟ್ಟಕ್ಕಿಂತಲೂ ಕೆಳಗೆ ಇಳಿಸುವ ಶಕ್ತಿ ಈ ಗುಂಪಿಗಿಲ್ಲ. ಮುಂದೆ ಬರುವ ಹಲವು ಗೊಂದಲಗಳು ಇಷ್ಟನ್ನು ನೆನಪಿಟ್ಟರೆ ತಾವಾಗಿಯೇ ಬಿಡಿಸಿಕೊಳ್ಳುತ್ತವೆ.

ಅಸಿಟಿಕ್ ಆಮ್ಲದ ರೈದಿಂಗ್ ಪರೀಕ್ಷೆ ಮಾಡುವುದು ಹೇಗೆ?

ಈ ಕ್ಷೇತ್ರದಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಪರೀಕ್ಷೆ ಇದು. ರೈದಿಂಗ್ ಎಂದರೆ ನೋವಿಗೆ ಮೈ ಹಿಂಡಿಕೊಳ್ಳುವುದು. ಸುಂಡಿಲಿಯ ಹೊಟ್ಟೆಯ ಪೊರೆಯೊಳಗೆ ಸಾರಗುಂದಿಸಿದ ಅಸಿಟಿಕ್ ಆಮ್ಲ ಚುಚ್ಚುವುದು, ಆಮೇಲೆ ಎಷ್ಟು ಸಲ ಹೊಟ್ಟೆ ಹಿಂಡಿಕೊಳ್ಳುತ್ತದೆ ಎಂದು ಎಣಿಸುವುದು.

ಸಾಮಾನ್ಯ ಪ್ರಮಾಣ 0.6%. ಅಂದರೆ 0.6 ಮಿ.ಲೀ. ಗ್ಲೇಶಿಯಲ್ (ನೀರು ಬೆರೆಸದ) ಅಸಿಟಿಕ್ ಆಮ್ಲವನ್ನು 0.9% ಉಪ್ಪುನೀರಿಗೆ ಹಾಕಿ ಒಟ್ಟು 100 ಮಿ.ಲೀ. ಮಾಡುವುದು. ಆಮ್ಲವನ್ನು ನೀರಿಗೆ ಹಾಕಬೇಕು, ನೀರನ್ನು ಆಮ್ಲಕ್ಕೆ ಸುರಿಯಬಾರದು. ಅಂದಂದಿನದನ್ನು ಅಂದೇ ತಯಾರಿಸಿ. ಬಾಟಲಿ ತೆರೆದೇ ಇದ್ದರೆ ಆಮ್ಲ ಆವಿಯಾಗಿ, ಬೆಳಗಿನ ಪ್ರಾಣಿಗಳಿಗಿಂತ ಸಂಜೆಯ ಪ್ರಾಣಿಗಳು ಕಡಿಮೆ ಹಿಂಡಿಕೊಳ್ಳುತ್ತವೆ. ಚುಚ್ಚುವ ಪ್ರಮಾಣ ಕಿಲೋಗೆ 10 ಮಿ.ಲೀ., ಎಂದರೆ 25 ಗ್ರಾಂ ಸುಂಡಿಲಿಗೆ 0.25 ಮಿ.ಲೀ.

ಪ್ರಾಣಿಗಳನ್ನು ಎಣಿಕೆಯ ಪಾರದರ್ಶಕ ಪೆಟ್ಟಿಗೆಯಲ್ಲಿ ಕನಿಷ್ಠ ಅರ್ಧ ಗಂಟೆ ಬಿಟ್ಟು ಒಗ್ಗಿಸಿ. ಔಷಧಿಯನ್ನು ಚುಚ್ಚುಮದ್ದಾಗಿ ಕೊಟ್ಟರೆ ಆಮ್ಲಕ್ಕೆ 30 ನಿಮಿಷ ಮೊದಲು, ಬಾಯಿಂದ ಕೊಟ್ಟರೆ 60 ನಿಮಿಷ ಮೊದಲು. ಆಮ್ಲ ಚುಚ್ಚುವಾಗ ತಲೆಯನ್ನು ಸ್ವಲ್ಪ ಕೆಳಗೆ ಬಾಗಿಸಿ ಹಿಡಿದು, ಕೆಳಹೊಟ್ಟೆಯ ಬಲಭಾಗದಲ್ಲಿ ಸಣ್ಣ ಸೂಜಿಯಿಂದ ಚುಚ್ಚಿ, ಪಿಸ್ಟನ್ನನ್ನು ಮೆಲ್ಲಗೆ ಹಿಂದೆಳೆದು ನೋಡಿ. ಹಸಿರು, ಕಂದು ಅಥವಾ ಕೆಂಪು ದ್ರವ ಬಂದರೆ ಸೂಜಿ ಕರುಳಿಗೋ ರಕ್ತನಾಳಕ್ಕೋ ಹೋಗಿದೆ. ಆ ಪ್ರಾಣಿಯನ್ನು ಲೆಕ್ಕದಿಂದ ತೆಗೆಯಬೇಕು. ಹಾಗೆ ತೆಗೆದದ್ದನ್ನು ವರದಿಯಲ್ಲಿ ಬರೆಯಬೇಕು.

ಮೊದಲ ಕೆಲವು ನಿಮಿಷ ಏನೂ ಕಾಣುವುದಿಲ್ಲ. ಎಣಿಕೆ ಸಾಮಾನ್ಯವಾಗಿ 5ನೇ ನಿಮಿಷದಿಂದ ಶುರುವಾಗಿ 20 ಅಥವಾ 30 ನಿಮಿಷ ನಡೆಯುತ್ತದೆ. ಯಾವ ಅವಧಿ ಆರಿಸಿಕೊಂಡರೂ ಎಲ್ಲ ಗುಂಪಿಗೂ ಅದೇ ಇರಲಿ.

ಒಂದು ಹಿಂಡಿಕೆ ಎಂದು ಯಾವುದನ್ನು ಎಣಿಸಬೇಕು?

ಹೊಟ್ಟೆಯ ಸ್ನಾಯುಗಳು ಬಿಗಿಯುವ ಅಲೆ ಪಕ್ಕೆಯಿಂದ ಹಿಂದಕ್ಕೆ ಸಾಗುತ್ತದೆ, ಸೊಂಟ ಒಳಕ್ಕೆ ಎಳೆದುಕೊಳ್ಳುತ್ತದೆ, ಮೈ ಉದ್ದಕ್ಕೆ ಚಾಚುತ್ತದೆ, ಒಂದು ಅಥವಾ ಎರಡೂ ಹಿಂಗಾಲು ಹಿಂದಕ್ಕೆ ನೀಳವಾಗುತ್ತವೆ. ಇಷ್ಟೂ ಸೇರಿ ಒಂದು. ಬರೀ ಮೈಮುರಿಯುವುದು, ಹೊಟ್ಟೆ ನೆಕ್ಕುವುದು, ಗೂನು ಹಾಕಿ ಕೂರುವುದು ಎಣಿಕೆಗೆ ಬರುವುದಿಲ್ಲ. ಕಾಲು ಚಾಚದೆ ಹೊಟ್ಟೆ ಮಾತ್ರ ಹಿಂಡಿದರೆ ಎಣಿಸಬೇಕೋ ಬೇಡವೋ ಎಂಬುದನ್ನು ಪ್ರಯೋಗಕ್ಕೆ ಮೊದಲೇ ಬರೆದಿಟ್ಟುಕೊಳ್ಳಿ, ಮಧ್ಯದಲ್ಲಿ ಬದಲಿಸಬೇಡಿ. ಎಣಿಸುವವರಿಗೆ ಯಾವ ಪ್ರಾಣಿಗೆ ಏನು ಕೊಟ್ಟಿದೆ ಎಂದು ತಿಳಿದಿರಬಾರದು. ಕಣ್ಣಳತೆಯ ಎಣಿಕೆಯಲ್ಲಿ ನಿರೀಕ್ಷೆ ನುಸುಳುವುದು ಅತಿ ಸುಲಭ.

ಫಲಿತಾಂಶದ ಲೆಕ್ಕ ಹೇಗೆ?

ಔಷಧಿ ಇಲ್ಲದ ಗುಂಪಿನ ಸರಾಸರಿಯಿಂದ ಔಷಧಿ ಗುಂಪಿನ ಸರಾಸರಿ ಕಳೆದು, ಮೊದಲನೆಯದರಿಂದ ಭಾಗಿಸಿ, 100ರಿಂದ ಗುಣಿಸುವುದು. ಉದಾಹರಣೆಗೆ 40 ಹಿಂಡಿಕೆ 14ಕ್ಕೆ ಇಳಿದರೆ 65% ತಡೆ. ಒಂದೇ ಡೋಸಿನ ಶೇಕಡಾವಾರು ಹೆಚ್ಚೇನೂ ಹೇಳುವುದಿಲ್ಲ. ಕನಿಷ್ಠ ನಾಲ್ಕು ಡೋಸ್ ಕೊಟ್ಟು, ಡೋಸಿನ ಲಾಗರಿದಮ್ ಎದುರು ಗೆರೆ ಎಳೆದು, ಅರ್ಧದಷ್ಟು ತಡೆ ಕೊಡುವ ಡೋಸನ್ನು, ಅಂದರೆ ಇಡಿ50ಯನ್ನು, ಅದರ ವಿಶ್ವಾಸ ವ್ಯಾಪ್ತಿಯೊಂದಿಗೆ ಕೊಡಬೇಕು. ಆಗ ಮಾತ್ರ ಎರಡು ಔಷಧಿಗಳನ್ನು ಹೋಲಿಸಬಹುದು.

ಔಷಧಿ ಕರಗಿಸಿದ ದ್ರವವೇ ನೋವು ಕಡಿಮೆ ಮಾಡಬಹುದೇ?

ಖಂಡಿತ. ಹಲವರು ಎಡವುವ ಜಾಗ ಇದು, ಅದಕ್ಕೇ ಸ್ವಲ್ಪ ಲೆಕ್ಕ ಹಾಕಿ ನೋಡೋಣ.

0.6% ಅಸಿಟಿಕ್ ಆಮ್ಲ ಎಂದರೆ ಲೀಟರಿಗೆ ಸುಮಾರು 0.1 ಮೋಲ್, ಪಿಎಚ್ ಸುಮಾರು 2.9. 25 ಗ್ರಾಂ ಸುಂಡಿಲಿಗೆ ಹೋಗುವ 0.25 ಮಿ.ಲೀ.ಯಲ್ಲಿ ಇರುವುದು ಸುಮಾರು 26 ಮೈಕ್ರೋಮೋಲ್ ಆಮ್ಲ. ಇಂಡೊಮೆಥಾಸಿನ್ ನೀರಿನಲ್ಲಿ ಕರಗುವುದಿಲ್ಲವಾದ್ದರಿಂದ ಅನೇಕರು ಅದನ್ನು 5% ಸೋಡಿಯಂ ಬೈಕಾರ್ಬನೇಟ್‌ನಲ್ಲಿ ಕರಗಿಸುತ್ತಾರೆ. ಆ ದ್ರವದ 0.25 ಮಿ.ಲೀ.ಯಲ್ಲಿ ಸುಮಾರು 150 ಮೈಕ್ರೋಮೋಲ್ ಬೈಕಾರ್ಬನೇಟ್ ಇದೆ, ಎಂದರೆ ಆಮ್ಲದ ಐದು ಪಟ್ಟಿಗಿಂತ ಹೆಚ್ಚು. ಔಷಧಿಯನ್ನೂ ಆಮ್ಲವನ್ನೂ ಹೊಟ್ಟೆಯ ಅದೇ ಕುಹರಕ್ಕೆ ಚುಚ್ಚಿದರೆ, ಅರ್ಧ ಗಂಟೆಯಲ್ಲಿ ಎಷ್ಟೋ ಹೀರಿಹೋಗಿದ್ದರೂ, ಉಳಿದ ಬೈಕಾರ್ಬನೇಟ್ ಆಮ್ಲವನ್ನು ತಟಸ್ಥ ಮಾಡಬಹುದು. ಆಗ ನೀವು ಅಳೆಯುತ್ತಿರುವುದು ಕಾಕ್ಸ್ ತಡೆಯನ್ನಲ್ಲ, ಅಡುಗೆ ಸೋಡಾದ ರಸಾಯನಶಾಸ್ತ್ರವನ್ನು. ಡೈಕ್ಲೋಫಿನಾಕ್ ಸೋಡಿಯಂಗೆ ಈ ತೊಂದರೆ ಇಲ್ಲ: ಕಿಲೋಗೆ 10 ಮಿ.ಗ್ರಾಂ ಕೊಟ್ಟರೂ ಅದು 0.8 ಮೈಕ್ರೋಮೋಲ್ ಅಷ್ಟೇ.

ಪರಿಹಾರ ಸರಳ. ಔಷಧಿಯನ್ನು ಬಾಯಿಂದ ಅಥವಾ ಚರ್ಮದಡಿಗೆ ಕೊಡಿ. ಔಷಧಿಯಿಲ್ಲದ ಗುಂಪಿಗೂ ಅದೇ ದ್ರವ, ಅಷ್ಟೇ ಪ್ರಮಾಣ, ಅದೇ ದಾರಿಯಲ್ಲಿ ಹೋಗಲಿ. ಬರೀ ಉಪ್ಪುನೀರು ಕೊಟ್ಟ ಇನ್ನೊಂದು ಗುಂಪು ಇದ್ದರೆ ದ್ರವದ ಪಾತ್ರ ಎಷ್ಟು ಎಂಬುದೂ ಗೊತ್ತಾಗುತ್ತದೆ.

ಹಿಂಡಿಕೆ ಕಡಿಮೆಯಾದರೆ ನೋವು ಕಡಿಮೆಯಾಯಿತು ಎನ್ನಬಹುದೇ?

ಇಲ್ಲ, ಅಷ್ಟಕ್ಕೇ ಹೇಳಲಾಗದು. ಸ್ನಾಯು ಸಡಿಲಿಸುವ ಔಷಧಿ, ಮಂಪರು ತರಿಸುವ ಔಷಧಿ, ಕೆಲವು ಆಂಟಿಹಿಸ್ಟಮಿನ್‌ಗಳು, ರಕ್ತದೊತ್ತಡ ಇಳಿಸುವ ಕ್ಲೋನಿಡಿನ್ ಇವೆಲ್ಲ ಹಿಂಡಿಕೆ ಇಳಿಸುತ್ತವೆ. ಈ ಪರೀಕ್ಷೆ ಬಹಳ ಸೂಕ್ಷ್ಮ, ಆದರೆ ನಿರ್ದಿಷ್ಟವಲ್ಲ. ಕೊನೆಯ ಪಕ್ಷ ತಿರುಗುವ ಕೋಲಿನ ಮೇಲೆ ಅದೇ ಡೋಸ್ ಕೊಟ್ಟ ಪ್ರಾಣಿ ನಿಲ್ಲುತ್ತದೆಯೇ ಎಂದು ನೋಡಬೇಕು.

ಇದಕ್ಕಿಂತ ಒಳ್ಳೆಯ ದಾರಿಯೂ ಇದೆ: ನೋವು ಬಂದಾಗ ಹೆಚ್ಚುವ ವರ್ತನೆಯ ಜೊತೆ, ನೋವು ಬಂದಾಗ ಕುಗ್ಗುವ ವರ್ತನೆಯನ್ನೂ ಅಳೆಯುವುದು. ಇಲಿಗೆ ಮಿದುಳಿನ ಹಿತಕರ ಪ್ರಚೋದನೆಗಾಗಿ ಸನ್ನೆ (ಲಿವರ್) ಒತ್ತುವುದನ್ನು ಕಲಿಸಿರುತ್ತಾರೆ. ಹೊಟ್ಟೆಗೆ ಲ್ಯಾಕ್ಟಿಕ್ ಆಮ್ಲ ಕೊಟ್ಟಾಗ ಅದು ಒತ್ತುವುದು ಕಡಿಮೆಯಾಗುತ್ತದೆ. ಕೀಟೊಪ್ರೊಫೆನ್ ಕೊಟ್ಟರೆ ಹಿಂಡಿಕೆಯೂ ಇಳಿಯುತ್ತದೆ, ಒತ್ತುವುದೂ ಮೊದಲಿನಂತಾಗುತ್ತದೆ. ಬರೀ ಮಂಪರಿನ ಔಷಧಿ ಹಿಂಡಿಕೆ ಇಳಿಸಬಲ್ಲದು, ಆದರೆ ಪ್ರಾಣಿಯನ್ನು ಮತ್ತೆ ಸನ್ನೆಯ ಬಳಿಗೆ ಕರೆತರಲಾರದು. ಒಂದು ಔಷಧಿ ಎರಡರಲ್ಲೂ ಗೆದ್ದರೆ ಆ ಮಾತಿಗೆ ತೂಕವಿದೆ.

ಈ ನೋವಿನಲ್ಲಿ ಕಾಕ್ಸ್-1 ಮುಖ್ಯವೋ, ಕಾಕ್ಸ್-2 ಮುಖ್ಯವೋ?

ಕಾಕ್ಸ್ ಕಿಣ್ವದಲ್ಲಿ ಎರಡು ಬಗೆ, ಕಾಕ್ಸ್-1 ಮತ್ತು ಕಾಕ್ಸ್-2. ಆಮ್ಲ ಚುಚ್ಚಿದ ಸುಮಾರು ಅರ್ಧ ಗಂಟೆಯಲ್ಲಿ ಪರೀಕ್ಷೆ ಮುಗಿದುಹೋಗುತ್ತದೆ. ಕಾಕ್ಸ್-2 ಹೊಸದಾಗಿ ತಯಾರಾಗಲು ಗಂಟೆಗಳು ಬೇಕು. ಹಾಗಾಗಿ ಅಲ್ಲಿ ಮೊದಲೇ ಇರುವ ಕಾಕ್ಸ್-1 ಹೆಚ್ಚಿನ ಕೆಲಸ ಮಾಡುತ್ತದೆ. ಕಾಕ್ಸ್-1 ವಂಶವಾಹಿ ಇಲ್ಲದ ಸುಂಡಿಲಿಗಳು ಕಡಿಮೆ ಹಿಂಡಿಕೊಳ್ಳುತ್ತವೆ. ಕಾಕ್ಸ್-2ನ್ನು ಮಾತ್ರ ತಡೆಯುವ ಔಷಧಿಗಳು ಈ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಮಂಕಾಗಿ ಕಾಣುತ್ತವೆ. ಅದನ್ನು ನೋಡಿ ಅವು ಹೊಟ್ಟೆನೋವಿಗೆ ಉಪಯೋಗವಿಲ್ಲ ಎಂದುಬಿಡುವುದು ತಪ್ಪು. ಮೊದಲೇ ಬ್ಯಾಕ್ಟೀರಿಯಾದ ವಿಷವಾದ ಎಂಡೊಟಾಕ್ಸಿನ್ ಕೊಟ್ಟು, ಕಾಕ್ಸ್-2 ಬೆಳೆಯಲು ಸಮಯ ಬಿಟ್ಟು, ಆಮೇಲೆ ಆಮ್ಲ ಚುಚ್ಚಿದರೆ ಚಿತ್ರವೇ ಬದಲಾಗುತ್ತದೆ.

ಪ್ರೋಸ್ಟಾಸೈಕ್ಲಿನ್ನಿನ ಪಾತ್ರಕ್ಕೆ ಗಟ್ಟಿ ಸಾಕ್ಷಿ ಸಿಕ್ಕಿದ್ದು 1997ರಲ್ಲಿ. ಅದರ ಗ್ರಾಹಕವಿಲ್ಲದ ಸುಂಡಿಲಿಗಳು, ಇಂಡೊಮೆಥಾಸಿನ್ ಕೊಟ್ಟ ಸಾಮಾನ್ಯ ಸುಂಡಿಲಿಗಳಷ್ಟೇ ಕಡಿಮೆ ಹಿಂಡಿಕೊಂಡವು.

ಔಷಧಿ ಕೆಲಸ ಮಾಡುವುದು ಹೊಟ್ಟೆಯಲ್ಲಿ ಮಾತ್ರವೇ?

ಅಲ್ಲ, ಬೆನ್ನುಹುರಿಯಲ್ಲೂ. ಮಾಲ್ಮ್‌ಬರ್ಗ್ ಮತ್ತು ಯಾಕ್ಷ್ 1992ರಲ್ಲಿ ಇಲಿಯ ಬೆನ್ನುಹುರಿಯ ದ್ರವಕ್ಕೇ ಈ ಔಷಧಿಗಳನ್ನು ಕೊಟ್ಟು, ನರಗಳ ಸಂದೇಶವಾಹಕಗಳಾದ ಗ್ಲುಟಮೇಟ್ ಮತ್ತು ಸಬ್‌ಸ್ಟೆನ್ಸ್ ಪಿ ಉಂಟುಮಾಡುವ ಹೆಚ್ಚಿದ ನೋವನ್ನು ತಡೆದರು. ಅಲ್ಲಿ ಉರಿಯೂತವೇ ಇರಲಿಲ್ಲ ಎಂಬುದು ಗಮನಿಸಬೇಕಾದ ಅಂಶ. ಇನ್ನು ಡೈಕ್ಲೋಫಿನಾಕ್ ಮತ್ತು ಇನ್ನೊಂದು ನೋವು ನಿವಾರಕವಾದ ಮೆಟಮಿಜೋಲ್ ಬಗ್ಗೆ, ನೈಟ್ರಿಕ್ ಆಕ್ಸೈಡ್ ಮತ್ತು ಸೈಕ್ಲಿಕ್ ಜಿಎಂಪಿ ಎಂಬ ಸಂದೇಶ ಅಣುಗಳ ಮೂಲಕ ಪೊಟಾಸಿಯಂ ವಾಹಿನಿ ತೆರೆಯುವ ದಾರಿಯೂ ವರದಿಯಾಗಿದೆ. ಇಂಥ ದಾರಿಯನ್ನು ಹುಡುಕುವವರು ಆ ವಾಹಿನಿಯನ್ನು ಮುಚ್ಚುವ ಗ್ಲಿಬೆನ್‌ಕ್ಲಮೈಡ್ ಕೊಟ್ಟು ಪರಿಣಾಮ ಅಳಿಸಿಹೋಗುತ್ತದೆಯೇ ಎಂದು ನೋಡುತ್ತಾರೆ, ಓಪಿಯಾಯ್ಡ್ (ಮಾರ್ಫಿನ್ ಜಾತಿಯ) ಪಾಲಿದೆಯೇ ಎಂದು ತಿಳಿಯಲು ಅದನ್ನು ತಡೆಯುವ ನಲೋಕ್ಸೋನ್ ಕೊಡುತ್ತಾರೆ. ತಡೆಯುವ ಔಷಧಿಯನ್ನು ಒಂಟಿಯಾಗಿ ಕೊಟ್ಟ ಗುಂಪು ಇಲ್ಲದಿದ್ದರೆ ಇಂಥ ಪ್ರಯೋಗಕ್ಕೆ ಬೆಲೆಯಿಲ್ಲ.

ಕರುಳಲ್ಲಿ ಬಲೂನು ಊದುವ ಪರೀಕ್ಷೆಯಲ್ಲಿ ಇವು ಏಕೆ ಸೋಲುತ್ತವೆ?

ಇಲಿಯ ದೊಡ್ಡ ಕರುಳಿನ ಕೊನೆಯಲ್ಲಿ ಬಲೂನು ಇಟ್ಟು, ಕೊಳವೆಯನ್ನು ಬಾಲದ ಬುಡಕ್ಕೆ ಟೇಪಿನಿಂದ ಕಟ್ಟಿ, ಒತ್ತಡವನ್ನು 10, 20, 40, 60, 80 ಮಿ.ಮೀ. ಪಾದರಸಕ್ಕೆ ಏರಿಸುತ್ತಾರೆ. ಪ್ರತಿ ಸಲ 20 ಸೆಕೆಂಡು, ನಡುವೆ ಕೆಲವು ನಿಮಿಷ ಬಿಡುವು. ಹೊಟ್ಟೆಯ ಹೊರ ಓರೆಸ್ನಾಯುವಿನ ಇಎಂಜಿ (ಸ್ನಾಯುವಿನ ವಿದ್ಯುತ್ ಚಟುವಟಿಕೆ) ಎಷ್ಟು ಏರಿತು ಎಂಬುದೇ ಅಳತೆ. ನೆಸ್ ಮತ್ತು ಗೆಬ್‌ಹಾರ್ಟ್ 1988ರಲ್ಲಿ ಇದನ್ನು ಇಲಿಯಲ್ಲಿ ವಿವರವಾಗಿ ಕಟ್ಟಿಕೊಟ್ಟರು.

ಆರೋಗ್ಯವಾಗಿರುವ ಕರುಳನ್ನು 20 ಸೆಕೆಂಡು ಹಿಗ್ಗಿಸಿದಾಗ ನರತುದಿ ನೇರವಾಗಿ ಎಳೆತಕ್ಕೇ ಸ್ಪಂದಿಸುತ್ತದೆ. ಪ್ರೋಸ್ಟಾಗ್ಲಾಂಡಿನ್ನಿಗೆ ಅಲ್ಲಿ ಹೆಚ್ಚು ಕೆಲಸವೇ ಇಲ್ಲ, ತಡೆದರೆ ಏನು ಸಿಗಬೇಕು? ಅದೇ ಕರುಳಿಗೆ ಮೊದಲು ಉರಿಯೂತ ತರಿಸಿದರೆ 20 ಮಿ.ಮೀ.ಗೂ ಸ್ನಾಯು ಜಿಗಿಯತೊಡಗುತ್ತದೆ, ಆ ಹೆಚ್ಚಳದ ಒಂದಷ್ಟು ಭಾಗವನ್ನು ಈ ಔಷಧಿಗಳು ಇಳಿಸಬಲ್ಲವು. ನಿಮ್ಮ ಔಷಧಿ ಇಲ್ಲಿ ಸೋತು ರೈದಿಂಗ್‌ನಲ್ಲಿ ಗೆದ್ದರೆ ಎರಡೂ ಫಲಿತಾಂಶ ಸರಿಯಾಗಿಯೇ ಇರಬಹುದು. ಎರಡು ಪರೀಕ್ಷೆ ಎರಡು ಬೇರೆ ಪ್ರಶ್ನೆ ಕೇಳುತ್ತಿವೆ.

ಕೈತಪ್ಪುವ ಇನ್ನೊಂದು ಕಡೆ: ಮಲದ ಉಂಡೆ ಉಳಿದಿದ್ದರೆ ಬಲೂನು ಸರಿಯಾಗಿ ಕೂರುವುದಿಲ್ಲ. ಅರಿವಳಿಕೆ ಇಳಿಯುವ ಮೊದಲೇ ಶುರುಮಾಡಿದರೆ ಎಲ್ಲ ಔಷಧಿಯೂ ಅದ್ಭುತವಾಗಿ ಕಾಣುತ್ತದೆ.

ಮೂತ್ರನಾಳದ ಕಲ್ಲಿನ ನೋವಿನಲ್ಲಿ ಇವು ಅಷ್ಟು ಚೆನ್ನಾಗಿ ಕೆಲಸ ಮಾಡುವುದೇಕೆ?

ಇಲ್ಲಿ ನೋವಿನ ಮೂಲಕ್ಕೇ ಕೈಹಾಕುತ್ತವೆ. ನಾಳ ಕಟ್ಟಿಕೊಂಡಾಗ ಮೂತ್ರಪಿಂಡ ಪ್ರೋಸ್ಟಾಗ್ಲಾಂಡಿನ್ ಸುರಿಸುತ್ತದೆ, ಅದರಿಂದ ಮೂತ್ರಪಿಂಡಕ್ಕೆ ರಕ್ತದ ಹರಿವು ಹೆಚ್ಚಿ ಮೂತ್ರ ಹೆಚ್ಚುತ್ತದೆ, ಕಟ್ಟಿದ ನಾಳದ ಮೇಲ್ಭಾಗದಲ್ಲಿ ಒತ್ತಡ ಏರುತ್ತದೆ, ನಾಳ ಇನ್ನೂ ಬಿಗಿಯುತ್ತದೆ. ಕಾಕ್ಸ್ ತಡೆದರೆ ಒತ್ತಡ ಇಳಿಯುತ್ತದೆ, ನರತುದಿಯ ಚುರುಕೂ ಇಳಿಯುತ್ತದೆ.

ಇಲಿಯಲ್ಲಿ ಇದನ್ನು ಕಟ್ಟಿದವರು ಇಟಲಿಯ ಜಾಂಬೆರಾರ್ಡಿನೊ ಮತ್ತು ಸಂಗಡಿಗರು. ಒಂದು ಕಡೆಯ ಮೂತ್ರನಾಳದ ಮೇಲ್ಭಾಗಕ್ಕೆ 0.02 ಮಿ.ಲೀ. ಹಲ್ಲಿನ ಸಿಮೆಂಟು ಚುಚ್ಚುತ್ತಾರೆ, ಅದು ಒಳಗೇ ಗಟ್ಟಿಯಾಗಿ ಕಲ್ಲಾಗುತ್ತದೆ. ಆಮೇಲೆ ನಾಲ್ಕು ದಿನ ಹಗಲೂ ರಾತ್ರಿ ವಿಡಿಯೋ. ಬೆನ್ನು ಗೂನು ಮಾಡುವುದು, ಪಕ್ಕೆ ನೆಕ್ಕುವುದು, ಕೆಳಹೊಟ್ಟೆಯನ್ನು ನೆಲಕ್ಕೆ ಒತ್ತಿ ಮಲಗುವುದು, ಮೈ ಚಾಚುವುದು ಇವು ಒಂದರ ಹಿಂದೊಂದು ಬಂದಾಗ ಅದನ್ನು ಒಂದು ನೋವಿನ ಸರಣಿ ಎಂದು ಎಣಿಸುತ್ತಾರೆ. ಅದೇ ಬದಿಯ ಸೊಂಟದ ಸ್ನಾಯುವಿನ ಸಂವೇದನೆಯನ್ನೂ ಅಳೆಯುತ್ತಾರೆ. ರೋಗಿಗಳಲ್ಲಿ ಕಾಣುವ ನೋವಿನ ಸ್ವರೂಪಕ್ಕೆ ಈ ಮಾದರಿ ಬಹಳ ಹತ್ತಿರ. ಶ್ರಮ ಹೆಚ್ಚು, ಪ್ರಾಣಿಯ ಸಂಕಟವೂ ಹೆಚ್ಚು. ಹಾಗಾಗಿ ಬೇರೆ ದಾರಿಯಿಲ್ಲದ ಪ್ರಶ್ನೆಗೆ ಮಾತ್ರ ಇದನ್ನು ಆರಿಸಬೇಕು.

ಪ್ಯಾರಾಸಿಟಮಾಲ್ ಉರಿಯೂತ ಇಳಿಸದಿದ್ದರೂ ಹಿಂಡಿಕೆ ಇಳಿಸುತ್ತದಲ್ಲ?

ಹೌದು. ಅದರ ಕೆಲಸ ಹೆಚ್ಚಾಗಿ ಮಿದುಳು ಮತ್ತು ಬೆನ್ನುಹುರಿಯಲ್ಲಿ. ರೈದಿಂಗ್ ಪರೀಕ್ಷೆಯಲ್ಲಿ ಗೆದ್ದ ವಸ್ತುವೆಲ್ಲ ಉರಿಯೂತ ಶಮನಕಾರಿ ಅಲ್ಲ ಎಂಬುದಕ್ಕೆ ಇದು ಕಣ್ಣೆದುರಿನ ಉದಾಹರಣೆ.

ಮಾರ್ಫಿನ್ ಜೊತೆ ಸೇರಿಸಿದರೆ ಲಾಭವಿದೆಯೇ? ಅದನ್ನು ಸಾಬೀತು ಮಾಡುವುದು ಹೇಗೆ?

ಸುಂಡಿಲಿಗಳಲ್ಲಿ ಹಲವು ಜೋಡಿಗಳು ಬಿಡಿ ಬಿಡಿ ಪರಿಣಾಮಗಳ ಮೊತ್ತಕ್ಕಿಂತ ಹೆಚ್ಚು ಕೊಟ್ಟಿವೆ. ಆದರೆ "ಎರಡೂ ಕೊಟ್ಟಾಗ ಒಂದಕ್ಕಿಂತ ಚೆನ್ನಾಗಿತ್ತು" ಎಂದರೆ ಸಾಲದು, ಎರಡು ಔಷಧಿ ಕೊಟ್ಟರೆ ಚೆನ್ನಾಗಿರಲೇಬೇಕು. ಸರಿಯಾದ ಕ್ರಮ ಐಸೊಬೋಲೋಗ್ರಾಮ್, ಅಂದರೆ ಒಂದು ಔಷಧಿಯ ಡೋಸನ್ನು ಅಡ್ಡಕ್ಕೂ ಇನ್ನೊಂದರದನ್ನು ಉದ್ದಕ್ಕೂ ಗುರುತಿಸುವ ನಕ್ಷೆ. ಮೊದಲು ಪ್ರತಿಯೊಂದರ ಇಡಿ50 ಕಂಡುಕೊಳ್ಳಿ. ಆಮೇಲೆ ಎರಡರ ಇಡಿ50ಗಳ 1/2, 1/4, 1/8, 1/16 ಭಾಗಗಳನ್ನು ಬೆರೆಸಿ ಕೊಟ್ಟು, ಮಿಶ್ರಣದ ಇಡಿ50 ಅಳೆಯಿರಿ. ಬರೀ ಕೂಡಿಕೆಯಾಗಿದ್ದರೆ ಅದು ಎರಡು ಇಡಿ50ಗಳನ್ನು ಸೇರಿಸುವ ಗೆರೆಯ ಮೇಲೆ ಬೀಳುತ್ತದೆ. ಗೆರೆಯ ಕೆಳಗೆ ಬಿದ್ದು, ವಿಶ್ವಾಸ ವ್ಯಾಪ್ತಿಗಳೂ ಬೇರೆಯಾಗಿದ್ದರೆ ಮಾತ್ರ ಒಂದಕ್ಕೊಂದು ಬಲ ಕೊಡುತ್ತವೆ ಎನ್ನಬಹುದು.

ಸುಂಡಿಲಿಯ ಡೋಸನ್ನು ಮನುಷ್ಯನ ತೂಕದಿಂದ ಗುಣಿಸಬಹುದೇ?

ಬೇಡ. ಮೈ ಹೊರಮೈ ವಿಸ್ತೀರ್ಣದ ಲೆಕ್ಕ ಹಿಡಿಯಬೇಕು. ರೂಢಿಯ ಅಂಶಗಳು ಸುಂಡಿಲಿಗೆ 3, ಇಲಿಗೆ 6, ವಯಸ್ಕರಿಗೆ 37. ಸುಂಡಿಲಿಗೆ ಕಿಲೋಗೆ 10 ಮಿ.ಗ್ರಾಂ ಎಂದರೆ ಮನುಷ್ಯನಿಗೆ 10 × 3 ÷ 37, ಅಂದರೆ ಕಿಲೋಗೆ ಸುಮಾರು 0.8 ಮಿ.ಗ್ರಾಂ. 60 ಕಿಲೋ ತೂಕದವರಿಗೆ 49 ಮಿ.ಗ್ರಾಂ. ನೇರವಾಗಿ ಗುಣಿಸಿದ್ದರೆ 600 ಮಿ.ಗ್ರಾಂ ಆಗುತ್ತಿತ್ತು! ಈ ಲೆಕ್ಕವೂ ಸಂಶೋಧನೆಯ ಅಂದಾಜಿಗೆ ಮಾತ್ರ. ಯಾರೂ ಇದನ್ನು ನೋಡಿ ತಾವೇ ಔಷಧಿ ತೆಗೆದುಕೊಳ್ಳಬಾರದು.

ನೋವು ಇಳಿಸುವ ಇದೇ ಔಷಧಿ ಕರುಳನ್ನು ಹಾಳು ಮಾಡುವುದಿಲ್ಲವೇ?

ಮಾಡುತ್ತದೆ. ಹೊಟ್ಟೆ ಮತ್ತು ಕರುಳಿನ ಒಳಪದರವನ್ನು ಕಾಯುವುದೂ ಪ್ರೋಸ್ಟಾಗ್ಲಾಂಡಿನ್‌ಗಳೇ. ಇಲಿಗೆ ಇಂಡೊಮೆಥಾಸಿನ್ ಹೆಚ್ಚಾದರೆ ಸಣ್ಣ ಕರುಳಿನಲ್ಲಿ ಹುಣ್ಣಾಗುತ್ತದೆ. ಔಷಧಿ ಪಿತ್ತದ ಮೂಲಕ ಮತ್ತೆ ಮತ್ತೆ ಕರುಳಿಗೆ ಬರುವುದು ಒಂದು ಕಾರಣ. ಹಲವು ದಿನ ಔಷಧಿ ಕೊಟ್ಟು ಆಮೇಲೆ ಹೊಟ್ಟೆನೋವು ಅಳೆಯುವವರು, ತಾವು ಅಳೆಯುತ್ತಿರುವುದು ಔಷಧಿಯೇ ತಂದ ನೋವನ್ನಲ್ಲ ಎಂದು ಖಾತ್ರಿ ಮಾಡಿಕೊಳ್ಳಬೇಕು. ಪ್ರಯೋಗದ ಕೊನೆಗೆ ಕರುಳು ತೆರೆದು ನೋಡುವುದೇ ದಾರಿ.

ಕುದುರೆ ವೈದ್ಯರಿಗೆ ಇದು ದಿನನಿತ್ಯದ ವಿಷಯ. ಕುದುರೆಯ ಹೊಟ್ಟೆಶೂಲೆಗೆ ಇದೇ ಗುಂಪಿನ ಫ್ಲೂನಿಕ್ಸಿನ್ ಕಿಲೋಗೆ 1.1 ಮಿ.ಗ್ರಾಂ ರಕ್ತನಾಳಕ್ಕೆ ಕೊಡುತ್ತಾರೆ, ನೋವು ಚೆನ್ನಾಗಿ ಇಳಿಯುತ್ತದೆ. ಆದರೆ ಕಾರಣ ತಿಳಿಯುವ ಮೊದಲೇ ಮತ್ತೆ ಮತ್ತೆ ಕೊಟ್ಟರೆ, ಕರುಳು ತಿರುಚಿದ್ದರೂ ಲಕ್ಷಣ ಮರೆಯಾಗಿ ಶಸ್ತ್ರಚಿಕಿತ್ಸೆ ತಡವಾಗುತ್ತದೆ. ರಕ್ತವಿಲ್ಲದೆ ಗಾಯಗೊಂಡ ಕರುಳಿನ ಪದರ ಚೇತರಿಸಿಕೊಳ್ಳುವುದನ್ನು ಫ್ಲೂನಿಕ್ಸಿನ್ ನಿಧಾನ ಮಾಡುತ್ತದೆ, ಕಾಕ್ಸ್-2ನ್ನು ಆರಿಸಿ ತಡೆಯುವ ಫೈರೊಕಾಕ್ಸಿಬ್ ಹಾಗೆ ಮಾಡಲಿಲ್ಲ ಎಂದು ಕುದುರೆಗಳಲ್ಲೇ ತೋರಿಸಲಾಗಿದೆ.

ಇಷ್ಟೆಲ್ಲ ನೋವು ಕೊಡುವುದನ್ನು ಕಡಿಮೆ ಮಾಡುವುದು ಹೇಗೆ?

ರೈದಿಂಗ್ ಪರೀಕ್ಷೆಯಲ್ಲಿ ಪ್ರಾಣಿಗೆ ತಪ್ಪಿಸಿಕೊಳ್ಳುವ ದಾರಿಯೇ ಇಲ್ಲ. ಬಿಸಿ ತಟ್ಟೆಯಿಂದ ಅದು ಕಾಲು ಎತ್ತಬಹುದು, ಹೊಟ್ಟೆಯೊಳಗಿನ ಆಮ್ಲದಿಂದ ಎಲ್ಲಿಗೆ ಹೋಗಬೇಕು? ಈ ಕಾರಣಕ್ಕೆ ಒಂದು ಪ್ರಾಣಿಗೆ ಒಂದೇ ಸಲ ಆಮ್ಲ, ಎಣಿಕೆ ಮುಗಿದ ಕೂಡಲೇ ದಯಾಮರಣ ಎಂಬುದು ಬಿಡಬಾರದ ನಿಯಮ. 0.6% ಸಾಕಾದಲ್ಲಿ 1% ಬೇಡ. 15 ನಿಮಿಷದ ಎಣಿಕೆಯಿಂದ ಉತ್ತರ ಸಿಗುವುದಾದರೆ 30 ಬೇಡ. ಗುಂಪಿಗೆ ಎಷ್ಟು ಪ್ರಾಣಿ ಎಂಬುದನ್ನು ಹಿಂದಿನ ಪ್ರಯೋಗದ ಏರಿಳಿತದಿಂದ ಲೆಕ್ಕ ಹಾಕಿ. ತೀರ ಕಡಿಮೆ ಪ್ರಾಣಿ ಬಳಸಿ ಉತ್ತರವೇ ಸಿಗದಿದ್ದರೆ, ಅಷ್ಟೂ ಪ್ರಾಣಿಗಳ ಸಂಕಟ ವ್ಯರ್ಥವಾಗುತ್ತದೆ. ಗಂಡು, ಹೆಣ್ಣು ಎರಡನ್ನೂ ಸೇರಿಸಿ.

ಮುಖಭಾವದ ಅಳತೆಯನ್ನೂ ಜೊತೆಗೆ ತೆಗೆದುಕೊಳ್ಳಿ, ಅದಕ್ಕೆ ಹೆಚ್ಚು ಪ್ರಾಣಿ ಬೇಕಿಲ್ಲ. 2010ರಲ್ಲಿ ಪ್ರಕಟವಾದ ಸುಂಡಿಲಿ ಮುಖಭಾವದ ಮಾಪಕವನ್ನು ಕಟ್ಟಿದ್ದೇ ಅಸಿಟಿಕ್ ಆಮ್ಲದ ಹೊಟ್ಟೆನೋವಿನ ಮೇಲೆ. ಕಣ್ಣು ಕಿರಿದಾಗುವುದು, ಮೂಗು ಉಬ್ಬುವುದು, ಕೆನ್ನೆ ಉಬ್ಬುವುದು, ಕಿವಿ ಹಿಂದಕ್ಕೆ ಸರಿಯುವುದು, ಮೀಸೆ ಜಾಗ ಬದಲಿಸುವುದು, ಒಂದೊಂದಕ್ಕೂ 0, 1 ಅಥವಾ 2 ಅಂಕ. ಕ್ಯಾಮೆರಾ ಪೆಟ್ಟಿಗೆಯ ಎರಡೂ ಕಡೆ ಇರಲಿ, ಪ್ರಾಣಿ ಮೈ ನೆಕ್ಕುತ್ತಿರುವಾಗ, ನಿದ್ದೆ ಮಾಡುತ್ತಿರುವಾಗ ತೆಗೆದ ಚಿತ್ರಕ್ಕೆ ಅಂಕ ಕೊಡಬೇಡಿ. ನಿದ್ದೆಯಲ್ಲಿರುವ ಸುಂಡಿಲಿಯ ಕಣ್ಣೂ ಮುಚ್ಚಿಯೇ ಇರುತ್ತದೆ.